ಸೇತುವೆ ಇಳಿದ ಮೇಲಿನ ನಾಲ್ಕು ಸೆಕೆಂಡ್

ಮೂರು ವಾರದ ಹಿಂದೆ ಮೂಡುಬಿದಿರೆ ಬಸ್ ಸ್ಟ್ಯಾಂಡಿನ ಪಕ್ಕದ ಅಂಗಡಿಯಲ್ಲಿ ಒಂದು ವಿಸಿಲ್ ಕೊಂಡೆ. ಬಸ್ಸಿನ ಕಂಡಕ್ಟರುಗಳ ಹತ್ತಿರ ಇರುತ್ತದಲ್ಲ, ಅಂಥದ್ದೇ. ಅಂಗಡಿಯವನು ನನ್ನ ನರೆತ ತಲೆ ನೋಡಿ, "ಪುಳ್ಳಿಗಾ ಮಾಷ್ಟ್ರೇ?" ಎಂದು ಕೇಳಿದ. ಮೊಮ್ಮಗುವಿಗಾ ಎಂದು ಅರ್ಥ.

"ಅಲ್ಲ ಮಾರಾಯ, ನನಗೇ" ಎಂದೆ. ಅವನು ನಕ್ಕ. ನಾನೂ ನಕ್ಕೆ.

ಆ ನಗುವಿಗೆ ಈಗ ನಾಚಿಕೆಯಾಗುತ್ತಿದೆ. ಇವತ್ತಿನ ಅಂಕಣ ಆ ನಾಚಿಕೆಯದ್ದೇ. ನಗಿಸುತ್ತಾನೆ ಎಂದು ಪುಟ ತೆರೆದವರು ಕ್ಷಮಿಸಬೇಕು.

ಹಮೀದಾಕನ ನೆನಪಿದೆಯಲ್ಲ ನಿಮಗೆ? (ಹೆಸರು ಹಮೀದ್. ಇಲ್ಲಿನ ಬ್ಯಾರಿ ಮುಸ್ಲಿಮರು ಹಿರಿಯರ ಹೆಸರಿಗೆ ‘ಆಕ’ ಸೇರಿಸಿ ಗೌರವದಿಂದ ಕರೆಯುತ್ತಾರೆ. ನಾವೂ ಹಾಗೆಯೇ ಕರೆಯುವುದು.) ಒಂದೂವರೆ ತಿಂಗಳ ಹಿಂದೆ ಇದೇ ಜಾಗದಲ್ಲಿ ಅವರ ಬಗ್ಗೆ ಬರೆದಿದ್ದೆ. ‘ತಿರುವಿಗೆ ಹೆದರುವ ಡ್ರೈವರ್’ ಎಂದು ತಮಾಷೆ ಮಾಡಿದ್ದೆ. ನೀವೆಲ್ಲ ಓದಿ ನಕ್ಕಿರಿ, ಕೆಲವರು ಕಾರ್ಡು ಹಾಕಿದಿರಿ. ಒಬ್ಬರಂತೂ ಅವರಿಗೆ ತಾಯತ ಕಟ್ಟಿಸಿ ಎಂದು ಸಲಹೆ ಕೊಟ್ಟಿದ್ದರು.

ಓದದವರಿಗಾಗಿ ಕಥೆಯನ್ನು ಮತ್ತೆ ಮೊದಲಿನಿಂದ ಹೇಳುತ್ತೇನೆ.

ಹಮೀದಾಕನ ಹೆಂಡತಿಯ ತಮ್ಮ ಶರೀಫ್ ಗಲ್ಫಿನಿಂದ ಬಂದು ಇಲ್ಲಿ ಒಂದು ಸೈಬರ್ ಕೆಫೆ ತೆರೆದ. ಆರು ಕಂಪ್ಯೂಟರ್. ಬರುವಾಗ ಒಂದು ಸ್ಟೇರಿಂಗನ್ನೂ ಅದರ ಪೆಡಲುಗಳನ್ನೂ ಕಟ್ಟಿಕೊಂಡು ಬಂದಿದ್ದ. ಕಾರು ಓಡಿಸುವ ಆಟಕ್ಕೆ. ಇದು ಮಕ್ಕಳು ಗುದ್ದಿಸಿ ಗುದ್ದಿಸಿ ಆಡುವ ಆಟವಲ್ಲ. ಅಸಲಿ ಗಾಡಿಯ ಹಾಗೆಯೇ ಇದರ ಟಯರು ಬಿಸಿಯಾಗುತ್ತದೆ, ಜೋರಾಗಿ ತಿರುಗಿಸಿದರೆ ಜಾರುತ್ತದೆ. ಬೇರೆ ಬೇರೆ ದೇಶದವರು ಇಂಟರ್ನೆಟ್ಟಿನಲ್ಲಿ ಒಟ್ಟಿಗೆ ಓಡಿಸುತ್ತಾರೆ.

ನನಗೆ ಆಟ ಬರುವುದಿಲ್ಲ. ನನ್ನ ಕಾರು ಮೊದಲ ತಿರುವಿನಲ್ಲೇ ಹುಲ್ಲು ಮೇಯಲು ಹೋಗುತ್ತದೆ. ನನ್ನನ್ನು ಹಿಡಿದದ್ದು ಅದರ ಲೆಕ್ಕ.

ಆಟ ಮಾಡಿದವರು ಆಟ ಮಾಡಿಕೊಟ್ಟು ಸುಮ್ಮನಾದರು. ಆಡುವವರಲ್ಲೇ ಕೆಲವರು ಸೇರಿ, ಸಂಬಳ ಸಾರಿಗೆ ಏನೂ ಇಲ್ಲದೆ, ಒಂದು ವೆಬ್‌ಸೈಟ್ ಕಟ್ಟಿದ್ದಾರೆ. ಯಾರು, ಯಾವ ಗಾಡಿಯಲ್ಲಿ, ಯಾವ ಟ್ರ್ಯಾಕಿನ ಒಂದು ಸುತ್ತನ್ನು ಎಷ್ಟು ಹೊತ್ತಿನಲ್ಲಿ ಮುಗಿಸಿದರು ಎಂಬ ಪಟ್ಟಿ ಅದರಲ್ಲಿದೆ. ಸೆಕೆಂಡನ್ನು ಸಾವಿರ ಚೂರು ಮಾಡಿ ಬರೆದಿರುತ್ತಾರೆ. ಸಾಲದ್ದಕ್ಕೆ ಪ್ರತಿ ಸುತ್ತನ್ನೂ ಮೂರು ಭಾಗ ಮಾಡಿ ಒಂದೊಂದು ಭಾಗಕ್ಕೂ ಬೇರೆ ಬೇರೆ ಸಮಯ. ಜೀವಮಾನವೆಲ್ಲ ಉತ್ತರಪತ್ರಿಕೆ ತಿದ್ದಿದ ಮೇಷ್ಟ್ರಿಗೆ ಸ್ವರ್ಗ ಎಂದರೆ ಇನ್ನೇನು?

ಹಮೀದಾಕ ಹಿಂದೆ ಖಾಸಗಿ ಬಸ್ಸಿನ ಡ್ರೈವರ್ ಆಗಿದ್ದವರು. ಮೂಡುಬಿದಿರೆಯಿಂದ ಸಿದ್ಧಕಟ್ಟೆ ಮಾರ್ಗವಾಗಿ ಬಂಟ್ವಾಳಕ್ಕೆ. ಈಗ ಪುತ್ತಿಗೆಯಲ್ಲಿ ಹಾರ್ಡ್‌ವೇರ್ ಅಂಗಡಿ. ಮಧ್ಯಾಹ್ನ ಅಂಗಡಿ ಮುಚ್ಚಿ ಕೆಫೆಗೆ ಬಂದು, ಆಟದಲ್ಲಿರುವ ಗಾಡಿಗಳಲ್ಲೆಲ್ಲ ಅತಿ ಭಾರದ್ದನ್ನು ಆರಿಸಿ, ಒಂದೇ ಟ್ರ್ಯಾಕಿನಲ್ಲಿ ಓಡಿಸುತ್ತಿದ್ದರು. ದಿನವೂ ಅದೇ ಗಾಡಿ, ಅದೇ ಟ್ರ್ಯಾಕ್.

ಪಟ್ಟಿಯಲ್ಲಿ ಅವರ ಸಾಲು ನೋಡಿ ನಾನು ಕನ್ನಡಕ ಒರೆಸಿಕೊಂಡೆ. ಮೊದಲ ಭಾಗದಲ್ಲಿ ಯುರೋಪಿನ ಹುಲಿಗಳ ಸಮಕ್ಕೆ ಇದ್ದಾರೆ. ಮೂರನೇ ಭಾಗದಲ್ಲೂ ಹಾಗೇ. ನಡುವಿನ ಭಾಗದಲ್ಲಿ ಮಾತ್ರ ನಾಲ್ಕು ಸೆಕೆಂಡ್ ಹಿಂದೆ ಬೀಳುತ್ತಾರೆ. ಒಂದು ದಿನ ಅಲ್ಲ, ಎರಡು ದಿನ ಅಲ್ಲ. ನಾನು ಅವರ ಪರದೆಯಲ್ಲೇ ನೋಡಿ ಎಣಿಸಿದ ಮುನ್ನೂರಕ್ಕೂ ಮಿಕ್ಕಿದ ಸುತ್ತುಗಳಲ್ಲಿ ಪ್ರತಿಯೊಂದರಲ್ಲೂ.

ಕಾರಣ ಹುಡುಕಲು ಕಷ್ಟವೇನೂ ಪಡಬೇಕಾಗಲಿಲ್ಲ. ನಡುವಿನ ಭಾಗದಲ್ಲಿ ಒಂದು ಸಣ್ಣ ಸೇತುವೆ ಬರುತ್ತದೆ. ಅದನ್ನು ಇಳಿದ ಕೂಡಲೆ ಬಲಕ್ಕೆ ತಿರುವು. ಎಲ್ಲರೂ ಅಲ್ಲಿ ಆಕ್ಸಿಲರೇಟರ್ ಒತ್ತಿಯೇ ಹೋಗುತ್ತಾರೆ. ಹಮೀದಾಕ ಬ್ರೇಕ್ ಹಾಕಿ, ಮದುವೆ ದಿಬ್ಬಣದ ಕಾರಿನಂತೆ ಮೆಲ್ಲಗೆ ತಿರುಗಿಸುತ್ತಿದ್ದರು.

ಪಟ್ಟಿ ಪ್ರಿಂಟ್ ತೆಗೆದು ಗೋಡೆಗೆ ಅಂಟಿಸಿದೆ. ಆ ನಾಲ್ಕು ಸೆಕೆಂಡಿಗೆ ಕೆಂಪು ಶಾಯಿಯಲ್ಲಿ ಸುತ್ತು ಹಾಕಿದೆ. (ಕೈಗೆ ಅಂಟಿದ ಚಟ.) ಲೆಕ್ಕ ಇಡುವವರಲ್ಲಿ ಒಬ್ಬ ಫಿನ್ಲೆಂಡಿನವನು. ಇವರ ಓಟವನ್ನು ದಿನಾ ನೋಡಿ ಅವನೂ ವೆಬ್‌ಸೈಟಿನಲ್ಲಿ ಬರೆದಿದ್ದ: ಈ ಭಾರತೀಯನಿಗೆ ಆ ತಿರುವಿನಲ್ಲಿ ಏನಾದರೂ ಬಿದ್ದುಹೋಗಿದೆಯೇ, ದಿನಾ ಹುಡುಕುತ್ತಿದ್ದಾನಲ್ಲ?

ನಾವೆಲ್ಲ ಬಿದ್ದು ಬಿದ್ದು ನಕ್ಕೆವು. ಕೆಫೆಗೆ ಬರುವವರು ಹೆಚ್ಚಿನವರೂ ಇಲ್ಲಿನ ಕಾಲೇಜುಗಳಿಗೆ ದೂರದ ಊರುಗಳಿಂದ ಬಂದ ವಿದ್ಯಾರ್ಥಿಗಳು. ವಿಜಾಪುರದ ಬಸವರಾಜ, "ಕಾಕಾರ, ಅಷ್ಟ್ ಚೊಲೋ ಓಡಸ್ತೀರಿ, ಅಲ್ಲ್ಯಾಕ್ರೀ ಹೆದರ್ತೀರಿ?" ಎಂದು ಕೇಳಿದ.

ಹಮೀದಾಕ "ಇರಲಿ" ಎಂದರು. ಅಷ್ಟೇ.

ನಾನು ಇರಲು ಬಿಡಬೇಕಲ್ಲ? ಮೂಡುಬಿದಿರೆಯ ಹೆಸರು ಜಗತ್ತಿನ ಪಟ್ಟಿಯಲ್ಲಿ ಮೊದಲ ಹತ್ತರೊಳಗೆ ಬರುವುದಕ್ಕೆ ನಾಲ್ಕೇ ಸೆಕೆಂಡ್ ಅಡ್ಡ! ಆಗ ಹೊಳೆದದ್ದು ವಿಸಿಲ್. ನಮ್ಮ ಬಸ್ಸುಗಳಲ್ಲಿ ಕಂಡಕ್ಟರ್ ಒಂದು ವಿಸಿಲ್ ಊದಿದರೆ ನಿಲ್ಲಿಸು, ಎರಡು ಊದಿದರೆ ಹೋಗು. ಡ್ರೈವರ್ ಹಿಂದೆ ತಿರುಗಿ ನೋಡುವುದಿಲ್ಲ. ವರ್ಷಗಟ್ಟಲೆ ಬಸ್ ಓಡಿಸಿದವನ ಕಾಲು ಅವನ ತಲೆಯನ್ನು ಕೇಳುವುದಿಲ್ಲ, ವಿಸಿಲನ್ನು ಕೇಳುತ್ತದೆ. ಎಂಥ ಬುದ್ಧಿ ನನ್ನದು, ನೋಡಿ.

ಶನಿವಾರ ಮಧ್ಯಾಹ್ನ. ಶರೀಫ್ ಏನೋ ಸಾಮಾನು ತರಲು ಮಂಗಳೂರಿಗೆ ಹೋಗಿದ್ದ. ಹಮೀದಾಕ ಓಡಿಸುತ್ತಿದ್ದರು. ನಾನು ಮೆಲ್ಲಗೆ ಅವರ ಕುರ್ಚಿಯ ಹಿಂದೆ ಹೋಗಿ ನಿಂತೆ. ಗಾಡಿ ಸೇತುವೆ ಇಳಿಯಿತು. ಅವರ ಬಲಗಾಲು ಮೇಲೆದ್ದಿತು.

ಎರಡು ವಿಸಿಲ್ ಊದಿದೆ. "ಎರಡು ಮಿನಿಟ್ ಲೇಟುಂಟು! ರೈಟ್ ಪೋಯಿ!" ಎಂದು ಕಂಡಕ್ಟರನ ರಾಗದಲ್ಲೇ ಕೂಗಿದೆ. (ಪೋಯಿ ಎಂದರೆ ಹೋಗೋಣ.)

ಕಾಲು ಕೆಳಗಿಳಿಯಿತು. ಬ್ರೇಕಿಗಲ್ಲ, ಆಕ್ಸಿಲರೇಟರಿಗೆ. ಗಾಡಿ ತಿರುವಿನ ಅಂಚನ್ನು ಉಜ್ಜಿಕೊಂಡು ಪಾರಾಯಿತು. ಗೆರೆ ದಾಟಿದಾಗ ನೋಡಿದರೆ, ಆ ಗಾಡಿಯ ಪಟ್ಟಿಯಲ್ಲಿ ಇಡೀ ಜಗತ್ತಿಗೆ ಏಳನೇ ಸ್ಥಾನ!

ಕುಣಿದೆವು. ಬಸವರಾಜ ನನ್ನನ್ನು ಎತ್ತಿಯೇಬಿಟ್ಟ. ಆ ಗಲಾಟೆಯಲ್ಲಿ ಒಂದು ವಿಷಯ ನನ್ನ ಕಣ್ಣಿಗೆ ಬಿದ್ದರೂ ತಲೆಗೆ ಹೋಗಲಿಲ್ಲ. ಹಮೀದಾಕ ನಿಲ್ಲಿಸಿರಲಿಲ್ಲ. ಇನ್ನೊಂದು ಸುತ್ತು ಹೋದರು. ಅದೇ ವೇಗ. ಮತ್ತೂ ಒಂದು. ಅಂಗಿಯ ಬೆನ್ನು ಪೂರ್ತಿ ಒದ್ದೆಯಾಗಿತ್ತು.

ಪರದೆಯಿಂದ ಕಣ್ಣು ತೆಗೆಯದೆ ಕೇಳಿದರು: "ಮಾಷ್ಟ್ರೇ, ಆಯ್ತಾ?"

"ಎಂತ ಆಯ್ತಾ? ಆರನೇ ಸ್ಥಾನ ಉಂಟಲ್ಲ, ಹೋಗಿ!" ಎಂದು ಮತ್ತೆ ಎರಡು ವಿಸಿಲ್ ಊದಿದೆ.

ಇನ್ನೂ ಅರ್ಧ ಸುತ್ತು ಹೋದ ಮೇಲೆ ಅವರು ಎರಡೂ ಕೈ ಬಿಟ್ಟರು. ಗಾಡಿ ಹುಲ್ಲಿನ ಮೇಲೆ ಎಲ್ಲೋ ಹೋಗಿ ನಿಂತಿತು. ಅವರು ಎದ್ದು, ಬಾಗಿಲಲ್ಲಿ ಚಪ್ಪಲಿ ಹುಡುಕಿ ಹಾಕಿಕೊಂಡು, ಮೆಟ್ಟಿಲು ಇಳಿದು ಹೋದರು. ಸುಸ್ತಾಗಿರಬೇಕು ಎಂದುಕೊಂಡು ನಾವು ಚಹಾ ತರಿಸಿ ಕುಡಿದೆವು.

ಮರುದಿನ ಅವರು ಬರಲಿಲ್ಲ. ವಾರ ಕಳೆದರೂ ಬರಲಿಲ್ಲ. ಶರೀಫ್ ನನ್ನನ್ನು ಪಕ್ಕಕ್ಕೆ ಕರೆದ.

"ನೀವು ವಿಸಿಲ್ ಊದಿದ್ರಂತೆ. ಹೌದಾ ಸರ್?"

"ತಮಾಷೆಗೆ ಮಾರಾಯ."

ಅವನು ಸಿಟ್ಟು ಮಾಡಲಿಲ್ಲ. ಮಾಡಿದ್ದರೆ ಒಳ್ಳೆಯದಿತ್ತು. "ಪುತ್ತಿಗೆಗೆ ಒಮ್ಮೆ ಹೋಗಿ ಬನ್ನಿ. ಅದು ನಾನು ಹೇಳುವಂಥದ್ದಲ್ಲ" ಎಂದ.

ಹೋದೆ. ಹಮೀದಾಕ ಗಿರಾಕಿಯೊಬ್ಬನಿಗೆ ಮೊಳೆ ತೂಗುತ್ತಿದ್ದರು. ನನ್ನನ್ನು ಕಂಡು ಸ್ಟೂಲಿನ ಧೂಳು ಒರೆಸಿ, "ಕೂತ್ಕೊಳ್ಳಿ ಮಾಷ್ಟ್ರೇ" ಎಂದರು. ಗಿರಾಕಿ ಹೋದ ಮೇಲೆ ತಾವಾಗಿಯೇ ಹೇಳಿದರು. (ಮಾತಾಡಿದ್ದು ತುಳುವಿನಲ್ಲಿ. ಕನ್ನಡ ಮಾಡಿದ್ದು ನಾನು.)

"ಸುಂದರ ಅಂತ ನನ್ನ ಕಂಡಕ್ಟರ್. ಒಂಬತ್ತು ವರ್ಷ ಒಂದೇ ಬಸ್ಸಿನಲ್ಲಿ ಇದ್ದೆವು. ನಾವು ಮಾತಾಡಿದ್ದು ಕಡಿಮೆ, ಅವನು ಹಿಂದಿನ ಬಾಗಿಲಲ್ಲಿ, ನಾನು ಮುಂದೆ. ಎಲ್ಲ ವಿಸಿಲಿನಲ್ಲೇ. ಅವನಿಗೆ ಹಸಿವಾದ್ರೆ ಕೂಡ ವಿಸಿಲಿನಲ್ಲೇ ನನಗೆ ಗೊತ್ತಾಗ್ತಿತ್ತು."

ತೊಂಬತ್ತರ ದಶಕದ ಮಾತು. ಆ ದಿನ ಬಸ್ಸು ಮೂಡುಬಿದಿರೆ ಬಿಡುವಾಗಲೇ ಎರಡು ನಿಮಿಷ ಲೇಟು. ಬಸ್ ಸ್ಟ್ಯಾಂಡಿನ ಟೈಮ್ ಕೀಪರ್ ಬೈದಿದ್ದ. ಬೆನ್ನಿಗೆ ಇನ್ನೊಂದು ಬಸ್ಸು. ಒಳಗೆ ಕಾಲಿಡಲು ಜಾಗವಿಲ್ಲದಷ್ಟು ಜನ. ಸಿದ್ಧಕಟ್ಟೆಗಿಂತ ಮೊದಲು ಒಂದು ಸೇತುವೆಯ ಹತ್ತಿರ ಯಾರೋ ಹತ್ತಿದರು. ಸುಂದರ ಫುಟ್‌ಬೋರ್ಡಿನಲ್ಲಿ ನಿಂತು ಎರಡು ವಿಸಿಲ್ ಊದಿದ. ಹಮೀದಾಕ ಬಿಟ್ಟರು. ಸೇತುವೆ ಇಳಿದು ಬಲಕ್ಕೆ ತಿರುಗಿಸಿದರು, ಬ್ರೇಕ್ ಹಾಕದೆ.

"ಮುಂದಿನ ಸ್ಟಾಪಿಗೆ ಅವನು ಒಂದು ವಿಸಿಲ್ ಹೊಡೀಬೇಕಿತ್ತು. ನಾನು ಕಾಯ್ತಾ ಇದ್ದೆ ಮಾಷ್ಟ್ರೇ. ಬರ್ಲಿಲ್ಲ. ಸ್ಟಾಪು ದಾಟಿ ಹೋಯ್ತು. ಹಿಂದೆ ಜನ ಬೊಬ್ಬೆ ಹೊಡೀತಿದ್ರಂತೆ, ಬಡೀತಿದ್ರಂತೆ. ನನ್ನ ಕಿವಿಗೆ ಬೊಬ್ಬೆ ಹೋಗುವುದಿಲ್ಲ. ವಿಸಿಲ್ ಒಂದೇ ಹೋಗುವುದು. ಅವನು ಅಲ್ಲಿ ತಿರುವಿನಲ್ಲೇ ಮಾರ್ಗಕ್ಕೆ ಬಿದ್ದಿದ್ದ. ನಾನು ಇಲ್ಲಿ ಅವನ ವಿಸಿಲಿಗೆ ಕಾಯ್ತಾ ಬಸ್ ಓಡಿಸ್ತಾ ಇದ್ದೆ."

ಆಸ್ಪತ್ರೆಗೆ ಮುಟ್ಟುವ ಮೊದಲೇ ಸುಂದರ ಹೋಗಿದ್ದ. ಆಮೇಲೆ ಹಮೀದಾಕ ಗಾಡಿ ಮುಟ್ಟಲಿಲ್ಲ. ಆಗ ನಾನು ಘಟ್ಟದ ಮೇಲೊಂದು ಶಾಲೆಯಲ್ಲಿದ್ದೆ, ನನಗೆ ಗೊತ್ತಿರಲಿಲ್ಲ. ಗೊತ್ತಿರಲಿಲ್ಲ ಎಂಬುದು ಒಂದು ಸಮಾಧಾನವೇ? ಮುನ್ನೂರು ಸಲ ಒಂದೇ ಕಡೆ ನಿಧಾನ ಮಾಡುವ ಮನುಷ್ಯನನ್ನು ಎಷ್ಟು ಸೆಕೆಂಡ್ ಎಂದು ಕೇಳಿದೆ. ಯಾಕೆ ಎಂದು ಒಮ್ಮೆಯೂ ಕೇಳಲಿಲ್ಲ.

"ಹಾಗಾದ್ರೆ ಆ ಆಟ ಯಾಕೆ ಹಮೀದಾಕ? ಅದೇ ಟ್ರ್ಯಾಕು ಯಾಕೆ?" ಎಂದು ಕೇಳಿದೆ, ತಡವಾಗಿ.

"ಶರೀಫ ಒಮ್ಮೆ ಒತ್ತಾಯ ಮಾಡಿ ಕೂರಿಸಿದ. ನೋಡಿದ್ರೆ ಸೇತುವೆ ಉಂಟು, ಬಲಕ್ಕೆ ತಿರುವು ಉಂಟು. ಅಲ್ಲಿ ಪ್ರತಿ ಸಲವೂ ಬ್ರೇಕ್ ಹಾಕ್ಬಹುದಲ್ಲ ಮಾಷ್ಟ್ರೇ. ಅದಕ್ಕೇ ಬರ್ತಿದ್ದದ್ದು."

ಅಳು ಬಂತು ಎಂದು ಬರೆಯಲು ಸಂಕೋಚವಿಲ್ಲ. ಅವರೇ ಎದ್ದು ನೀರು ತಂದುಕೊಟ್ಟರು. ಆಮೇಲೆ ಒಂದೇ ಒಂದು ವಿಷಯ ಕೇಳಿದರು: "ಆ ಏಳನೇ ನಂಬರಿನ ಟೈಮು ತೆಗೆಸ್ಲಿಕ್ಕೆ ಆಗ್ತದಾ? ನನ್ನ ಹೆಸರಿನ ಎದುರಿಗೆ ಅದು ಬೇಡ. ಮೊದಲಿನದ್ದೇ ಇರಲಿ."

ಅದೇ ದಿನ ಫಿನ್ಲೆಂಡಿನವನಿಗೆ ಮೇಲ್ ಮಾಡಿದೆ. ನನಗೆ ತಿಳಿದ ಇಂಗ್ಲಿಷಿನಲ್ಲಿ ಎಲ್ಲವನ್ನೂ ಬರೆದೆ. ಪಾಪ, ಅವನು ಒಳ್ಳೆಯ ಮನುಷ್ಯ. ತನ್ನ ತಮಾಷೆಗೆ ಎರಡು ಸಲ ಕ್ಷಮೆ ಕೇಳಿದ. ಆದರೆ ಆಗುವುದಿಲ್ಲ ಎಂದ. ಪಟ್ಟಿಯಲ್ಲಿ ಒಬ್ಬೊಬ್ಬರ ಅತ್ಯುತ್ತಮ ಸುತ್ತು ಮಾತ್ರ ಉಳಿಯುತ್ತದಂತೆ. ಹೊಸದು ಬಂದ ಕೂಡಲೆ ಹಳೆಯದು ಅಳಿದುಹೋಗುತ್ತದೆ. ಏಳನೆಯದನ್ನು ತೆಗೆದರೆ ಆ ಜಾಗಕ್ಕೆ ಹಾಕಲು ಹಿಂದಿನ ಯಾವ ಸುತ್ತೂ ಅವರ ಹತ್ತಿರ ಇಲ್ಲ.

ಮುನ್ನೂರು ಸಲ ಬ್ರೇಕ್ ಹಾಕಿದ್ದಕ್ಕೆ ಈಗ ಆ ಪಟ್ಟಿಯಲ್ಲಿ ದಾಖಲೆ ಇಲ್ಲ. ಹಾಕದೆ ಹೋದ ಒಂದು ಸಲದ್ದು ಮಾತ್ರ ಇದೆ. ಅದೂ ಅಭಿನಂದನೆಯ ಹಸಿರು ಬಣ್ಣದಲ್ಲಿ.

ಫಿನ್ಲೆಂಡಿನವನನ್ನು ಬೈದು ಏನು ಪ್ರಯೋಜನ? ನಮ್ಮದೂ ಅದೇ ಪಟ್ಟಿಯಲ್ಲವೇ? ಬಂಟ್ವಾಳಕ್ಕೋ ಬೆಳ್ತಂಗಡಿಗೋ ಹೋಗುವ ಬಸ್ಸಿನಲ್ಲಿ ಕುಳಿತು, ವಾಚು ನೋಡುತ್ತ, "ಏನು ಮಾರಾಯ್ರೆ, ಎತ್ತಿನ ಗಾಡಿಯಾ ಇದು?" ಎಂದು ನಾನೇ ಎಷ್ಟು ಸಲ ಕೂಗಿಲ್ಲ! ಸರಿಯಾದ ಹೊತ್ತಿಗೆ ಮುಟ್ಟಿಸಿದ ಡ್ರೈವರನ ಮುಖವನ್ನು ಇಳಿಯುವಾಗ ಒಮ್ಮೆಯಾದರೂ ನೋಡಿದ್ದೇನೆಯೇ?

ಇದನ್ನು ಬರೆಯುವ ಮೊದಲು ಮತ್ತೆ ಪುತ್ತಿಗೆಗೆ ಹೋಗಿ ಹಮೀದಾಕನನ್ನು ಕೇಳಿದೆ. "ಬರೀರಿ. ಸುಂದರನ ಹೆಸರು ಹಾಕಿ. ಆಗ ಪೇಪರಿನಲ್ಲಿ ಕಂಡಕ್ಟರ್ ಅಂತ ಮಾತ್ರ ಬಂದಿತ್ತು" ಎಂದರು. ಹಾಕಿದ್ದೇನೆ.

ಕೆಫೆಗೆ ಅವರು ಇನ್ನೂ ಬಂದಿಲ್ಲ, ಬರುತ್ತಾರೆ ಎಂದು ಶರೀಫನೂ ಹೇಳುವುದಿಲ್ಲ. ಗೋಡೆಯ ಪ್ರಿಂಟನ್ನು ನಾನೇ ಕಿತ್ತೆ. ಕೆಂಪು ಶಾಯಿ ಕೆಳಗಿನ ಸುಣ್ಣಕ್ಕೂ ಇಳಿದಿದೆ.

ವಿಸಿಲ್ ಇಲ್ಲೇ ನನ್ನ ಮೇಜಿನ ಮೇಲಿದೆ. ಆ ಶನಿವಾರ ಅವರು ಸುತ್ತಿನ ಮೇಲೆ ಸುತ್ತು ಹೋದದ್ದು ಆರನೇ ಸ್ಥಾನಕ್ಕಲ್ಲ, ಯಾರಾದರೂ ನಿಲ್ಲಿಸಲಿ ಎಂದು. "ಆಯ್ತಾ?" ಎಂದು ಬಾಯಿಬಿಟ್ಟು ಕೇಳಿದರಲ್ಲ, ಆಗಲಾದರೂ ಒಂದೇ ಒಂದು ವಿಸಿಲ್ ಊದಲು ನನಗೆ ಎಷ್ಟು ಉಸಿರು ಬೇಕಿತ್ತು?