ಒದ್ದೆ ಅರಿವೆಯ ಪಾಠ

ಪುಷ್ಪಾವತಿಗೆ ಒಂದೆಡೆ ಕೂರುವುದು ಬಾರದು. ಊಟಕ್ಕೆ ಕೂತಾಗಲೂ ಒಂದು ಮೊಣಕಾಲನ್ನು ಎತ್ತಿಟ್ಟುಕೊಂಡು, ಯಾರಾದರೂ ಕರೆದರೆ ಓಡುವವಳಂತಿರುತ್ತಾಳೆ. ಬೀಜದ ಕಂಪನಿಯೊಂದರಲ್ಲಿ ದುಡಿಯುವ ಅವಳ ಗಂಡ ಹಾಲಸಿದ್ದಪ್ಪ, "ನಮ್ಮನಿಯಾಕಿ ಬಸ್‌ಸ್ಟ್ಯಾಂಡಿನ್ಯಾಗ ಹುಟ್ಟ್ಯಾಳ್ರಿ" ಎಂದು ಬಂದವರಿಗೆಲ್ಲ ಹೇಳುತ್ತಾನೆ. ರಾಣೆಬೆನ್ನೂರಿನ ನಮ್ಮ ಓಣಿಯವರು ಅವಳನ್ನು ಗೃಹರಕ್ಷಕ ದಳದ ಖಾಕಿ ಸೀರೆಯಲ್ಲಿ ನೋಡಿದ್ದೇ ಹೆಚ್ಚು. ಜಾತ್ರೆ, ಚುನಾವಣೆಗಳಲ್ಲಿ ಹಗ್ಗ ಹಿಡಿದು ನಿಲ್ಲುವುದೇ ಅವಳ ಕೆಲಸವೆಂದು ಬಹಳ ಜನರ ತಿಳಿವಳಿಕೆ.

ಅದು ಅರ್ಧ ಸತ್ಯ. ವರದಾ ನದಿ ಉಕ್ಕಿ ಹರಿದ ವರ್ಷ ಅವಳು ಹೊಸರಿತ್ತಿಯ ಕಡೆ ಬಂದೋಬಸ್ತಿಗೆ ಹೋಗಿದ್ದಳು. ಅಲ್ಲಿಂದ ಬಂದಮೇಲೆ, ಬೆಂಕಿ, ನೆರೆ, ಹಾವುಕಡಿತ ಇಂಥವು ಬಂದಾಗ ಜನ ಏನು ಮಾಡಬೇಕೆಂದು ಕಲಿಸುವ ತರಬೇತಿಯನ್ನು ತಾನೇ ಪಡೆದು, ಹಾವೇರಿಯ ಸಂಸ್ಥೆಯೊಂದರ ಪರವಾಗಿ ಬೇರೆಯವರಿಗೆ ಕಲಿಸತೊಡಗಿದಳು. ಅವಳ ಶಿಕ್ಷಣ ಎಸ್ಸೆಸ್ಸೆಲ್ಸಿಗೆ ನಿಂತಿದೆ. ಕಲಿಸುವ ರೀತಿಯಲ್ಲಿ ಒಂದು ಗುಣವಿತ್ತು. ಅವಳು ಭಾಷಣ ಮಾಡುತ್ತಿರಲಿಲ್ಲ, ಮಾಡಿಸುತ್ತಿದ್ದಳು. ನೆಲಕ್ಕೆ ಬಗ್ಗಿ ನಡೆ ಎಂದರೆ, ಕೋಣೆಯ ಆ ತುದಿಯಿಂದ ಈ ತುದಿಗೆ ಎಲ್ಲರನ್ನೂ ಬಗ್ಗಿಸಿ ನಡೆಸುವವರೆಗೆ ಬಿಡುತ್ತಿರಲಿಲ್ಲ.

ಬ್ಯಾಡಗಿಯ ಮೆಣಸಿನಕಾಯಿ ಗೋದಾಮುಗಳಲ್ಲಿ ತೊಟ್ಟು ಬಿಡಿಸುವ ಹೆಂಗಸರಿಗೆ ಬೆಂಕಿಯ ತರಬೇತಿ ಕೊಡಬೇಕೆಂದು ಸಂಸ್ಥೆ ನಿರ್ಧರಿಸಿತು. ಅದು ಬೇಕಾದದ್ದೇ. ಒಣ ಮೆಣಸಿನಕಾಯಿಯ ರಾಶಿ, ಗೋಣಿಚೀಲ, ಹಳೆಯ ವೈರು ಎಲ್ಲ ಒಂದೇ ಸೂರಿನಡಿ ಇರುತ್ತವೆ. ಮೆಣಸಿನಕಾಯಿಯ ಹೊಗೆ ಎಂಥದೆಂದು ಒಗ್ಗರಣೆ ಸೀದ ಮನೆಯವರಿಗೂ ಗೊತ್ತು. ಕಳೆದ ವರ್ಷ ಅವಳು ಹಂಗಾಮಿಗೆ ಮೊದಲು ಸಮುದಾಯ ಭವನವೊಂದರಲ್ಲಿ ತಂಡ ತಂಡವಾಗಿ ಹೆಂಗಸರನ್ನು ಕೂಡಿಸಿ ಕಲಿಸಿದಳು. ಸಂಸ್ಥೆ ಕಳಿಸಿದ ಬಿಳಿ ಅರಿವೆಯ ತುಂಡುಗಳನ್ನು ಹಂಚಿದಳು. ಹೊಗೆ ಕಂಡ ಕೂಡಲೇ ಅರಿವೆಯನ್ನು ನೀರಲ್ಲಿ ಅದ್ದು, ಹಿಂಡು, ಮೂಗುಬಾಯಿಗೆ ಕಟ್ಟು, ಬಗ್ಗಿ ಹೊರಗೆ ನಡೆ. ಕೈ ತಡವರಿಸದೆ ಬರುವವರೆಗೆ ಮಾಡಿಸಿದಳು. ಫೋಟೊ ತೆಗೆದರು, ಚಹಾ ಕೊಟ್ಟರು.

ಈ ವರ್ಷ ಹಂಗಾಮಿನ ನಡುವೆ ಒಂದು ಗೋದಾಮಿನೊಳಗೇ ಅಣಕು ಕಾರ್ಯಾಚರಣೆ ಇಟ್ಟರು. ಬಿಳಿ ಅರಿವೆಯ ಗಂಟು ಬರಲಿಲ್ಲ. ಪುಷ್ಪಾವತಿ ಅದಕ್ಕೆ ಕಾಯಲಿಲ್ಲ. ಹೆಂಗಸರು ದೂಳಿಗೆಂದು ದಿನವೂ ಮುಖಕ್ಕೆ ಕಟ್ಟಿಕೊಳ್ಳುವ ಹಳೆಯ ಸೀರೆಯ ತುಂಡು ಇದ್ದೇ ಇತ್ತಲ್ಲ, ಅದನ್ನೇ ಅದ್ದಿರಿ ಎಂದಳು. ಸೀಟಿ ಊದಿದಳು. ಹೆಂಗಸರು ಕಲಿತ ಹಾಗೆ ಎದ್ದು, ಬಕೆಟ್ಟಿನಲ್ಲಿ ಅರಿವೆ ಅದ್ದಿ, ಹಿಂಡಿ ಕಟ್ಟಿಕೊಂಡರು.

ಬಾಗಿಲು ಮುಟ್ಟಿದವರು ಕೆಲವರೇ. ಉಳಿದವರು ಅರಿವೆ ಕಿತ್ತೆಸೆದು, ಕಣ್ಣು ಮುಚ್ಚಿ ರಾಶಿಗಳ ಮೇಲೆ ಮುಗ್ಗರಿಸಿದರು. ಇಬ್ಬರು ಹೊಸ್ತಿಲಲ್ಲಿ ಒಬ್ಬರ ಮೇಲೊಬ್ಬರು ಬಿದ್ದರು. ಹೊಗೆ ಎಳೆಯಷ್ಟೂ ಇರಲಿಲ್ಲ.

ಆ ಅರಿವೆಗಳನ್ನು ಅವರು ಮನೆಗೆ ಒಯ್ಯುವುದಿಲ್ಲ. ಒಯ್ದರೆ ಮಕ್ಕಳ ಕಣ್ಣುರಿಯುತ್ತವೆಂದು ಹಂಗಾಮು ಮುಗಿಯುವವರೆಗೆ ಗೋದಾಮಿನ ಗೂಟಕ್ಕೇ ನೇತುಹಾಕುತ್ತಾರೆ, ಒಗೆಯುವುದೂ ಇಲ್ಲ. ಒಣಗಿದ್ದಾಗ ಅರಿವೆ ಖಾರದ ಪುಡಿಯನ್ನು ಹೊರಗೇ ತಡೆಯುತ್ತದೆ. ಒದ್ದೆಯಾದರೆ ಆ ಪುಡಿಯನ್ನೆಲ್ಲ ತುಟಿಗೆ, ಮೂಗಿಗೆ, ರೆಪ್ಪೆಗೆ ಮೆತ್ತುತ್ತದೆ.

ಆ ತಂಡದ ಹಿರಿಯಳು ಬಿಸ್ಮಿಲ್ಲಾಬಿ ನಲ್ಲಿಯ ಕೆಳಗೆ ಮುಖವೊಡ್ಡಿ ಬಹಳ ಹೊತ್ತು ನಿಂತಿದ್ದಳು. ಆಮೇಲೆ ಹೇಳಿದಳು:

"ಅಕ್ಕಾರ, ಬೆಂಕಿ ಯಾಕ ಬೇಕ್ರಿ ನಮಗ? ನಿಮ್ಮ ತರಬೇತೀನ ಸಾಕು."

ಹೆಂಗಸರು ಸೀನುತ್ತಲೇ ನಕ್ಕರು. ಪುಷ್ಪಾವತಿ ನಗಲಿಲ್ಲ. ಕಳೆದ ವರ್ಷ ಸಮುದಾಯ ಭವನದಲ್ಲಿ ಕಲಿತವರೆಲ್ಲ ಈಗ ಬ್ಯಾಡಗಿಯ ಬೇರೆಬೇರೆ ಗೋದಾಮುಗಳಲ್ಲಿ ಕೂತಿದ್ದರು. ಪ್ರತಿಯೊಬ್ಬಳ ಮುಖದ ಮೇಲೂ ಅಂಥದೇ ಅರಿವೆ ಇತ್ತು, ಪ್ರತಿಯೊಬ್ಬಳಿಗೂ ಇವಳು ಕಲಿಸಿದ ಪಾಠ ಬರುತ್ತಿತ್ತು. ನಿಜವಾದ ಬೆಂಕಿ ಬಿದ್ದರೆ, ಏನೂ ಕಲಿಯದವಳು ಎದ್ದು ಓಡುತ್ತಾಳೆ. ಕಲಿತವಳು ನಿಂತು ಅರಿವೆ ಅದ್ದುತ್ತಾಳೆ, ಕುರುಡಿಯಾಗುತ್ತಾಳೆ.

ಮರುದಿನವೇ ಹಾವೇರಿಗೆ ಹೋಗಿ ಸಂಸ್ಥೆಯ ಸಂಯೋಜಕ ವೀರೇಂದ್ರನಿಗೆ ಇದನ್ನೇ ಹೇಳಿದಳು.

"ಕುಂದ್ರಿ ಮೊದಲ," ಎಂದ ಅವನು.

"ಕುಂದ್ರಂಗಿಲ್ರಿ. ಎಲ್ಲಾರ್ನೂ ಮತ್ತೊಮ್ಮೆ ಕರದು, ಗೋದಾಮಿನ್ಯಾಗ ಕಲಿಸಬೇಕ್ರಿ. ಅರಿವಿ ಬಿಟ್ಟು ಓಡೂದನ್ನ ಕಲಿಸಬೇಕು."

"ಪಾಠ ತಪ್ಪಿಲ್ಲ ಪುಷ್ಪಾವತಿ. ಒದ್ದೆ ಬಟ್ಟಿ ಎಲ್ಲಾ ಕಡೆ ಹೇಳೂದ ಅದ. ಮುಂದಿನ ಸಲ ಚೊಕ್ಕ ಬಟ್ಟಿ ಕಳಸ್ತೇವಿ."

"ಬೆಂಕಿ ಬಿದ್ದಾಗ ಚೊಕ್ಕ ಬಟ್ಟಿ ಯಾರು ಕಳಸ್ತಾರ್ರಿ?"

ವೀರೇಂದ್ರ ಕೆಟ್ಟವನಲ್ಲ, ತರಬೇತಿ ಮುಗಿಯಿತೆಂದು ಕಡತ ಮುಚ್ಚಿದ ಮನುಷ್ಯ. ತರಬೇತಿ ತಪ್ಪಾಗಿತ್ತೆಂದು ಊರೂರು ಹೇಳುತ್ತಾ ಹೋದರೆ ನಿಮ್ಮನ್ನು ಮತ್ತೆ ಕರೆಯುವುದು ಕಷ್ಟವಾಗುತ್ತದೆ ಎಂದು ಮೆತ್ತಗೇ ತಿಳಿಸಿದ. ಗೋದಾಮಿನ ಮಾಲೀಕರೂ ಹಂಗಾಮಿನಲ್ಲಿ ಕೆಲಸ ನಿಲ್ಲಿಸಲು ಒಪ್ಪಲಿಲ್ಲ. ಮಧ್ಯಾಹ್ನ ಬುತ್ತಿ ಬಿಚ್ಚುವ ಹೊತ್ತಿಗೆ ಹೊರಗೆ ಬೇಕಾದರೆ ಮಾತಾಡು ಎಂದರು.

ಅವಳು ಮಾತಾಡಿದಳು. ಆ ಎರಡು ತಿಂಗಳು ಅವಳು ಬಿಡುವಿದ್ದಾಗಲೆಲ್ಲ ಬಸ್ಸಿನಲ್ಲೇ ಇದ್ದಳು. ಗೋದಾಮುಗಳ ಹೊರಗೆ ಸಿಕ್ಕವರಿಗೆ ಅಲ್ಲಿ, ಸಿಗದವರಿಗೆ ಅವರ ಊರಿನಲ್ಲಿ ಹೇಳಿದಳು. ಮನೆಯಲ್ಲಿ ಅನ್ನಕ್ಕೆ ಇಟ್ಟು ಮರೆತಳು, ಹಾಲಸಿದ್ದಪ್ಪ ತಾನೇ ಒಲೆ ಹಚ್ಚಿದ. "ನೀ ಹೇಳಿದ್ದಿ, ಅವರು ಕೇಳ್ಯಾರ, ಮುಗೀತಿಲ್ಲೋ?" ಎಂದು ಒಮ್ಮೆ ಕೇಳಿದ. ಅವಳು ಚಪ್ಪಲಿ ಮೆಟ್ಟುತ್ತಿದ್ದಳು.

ಕುಪ್ಪೇಲೂರಿನ ಕರೆವ್ವ ಕಳೆದ ವರ್ಷದ ತಂಡದಲ್ಲಿ ಎಲ್ಲರಿಗಿಂತ ಚುರುಕಾಗಿ ಕಲಿತವಳು, ಈ ವರ್ಷ ಬಿಸ್ಮಿಲ್ಲಾಬಿಯ ತಂಡಕ್ಕೆ ಸೇರಿದ್ದಳು. ಅಣಕು ಕಾರ್ಯಾಚರಣೆಯ ದಿನ ಕೆಲಸಕ್ಕೆ ಹೋಗಿರಲಿಲ್ಲ. ಪುಷ್ಪಾವತಿ ಹೋದಾಗ ಅಂಗಳದಲ್ಲಿ ಶೇಂಗಾ ಹರವುತ್ತಿದ್ದಳು. ಕೇಳಿ ಮುಗಿಸಿ ಸೊಂಟದ ಮೇಲೆ ಕೈಯಿಟ್ಟಳು.

"ಅಲ್ಲಬೇ ಅಕ್ಕಾರ, ನೀವ ಕಲಿಸಿದ್ರಿ. ನಾ ಬಂದು ನನ್ನ ಸೊಸ್ತೇರಿಗೆ ಕಲಿಸಿದೆ, ಓಣ್ಯಾಗಿನವರಿಗೆ ಕಲಿಸಿದೆ. ಈಗ ನೀವ ಅಲ್ಲಂತೀರಿ. ನಾ ಸುಳ್ಳು ಹೇಳಿದ್ದೆ ಅನ್ಲೇನು ಅವರಿಗೆ?"

"ನಾ ಹೇಳಿದ್ದು ಸುಳ್ಳಾಗಿತ್ತು ಅಂತ ಹೇಳ್ರಿ."

"ಹಂಗಾರ ಬಗ್ಗಿ ಹೋಗೂದು? ಅದೂ ಸುಳ್ಳ?"

"ಅದು ಖರೇ."

"ಯಾವ್ದು ಖರೇ, ಯಾವ್ದು ಸುಳ್ಳು ಅಂತ ನಮಗ ಹೆಂಗ ತಿಳೀಬೇಕು? ಮತ್ತೊಂದು ವರ್ಷಕ್ಕ ಬಂದು ಅದೂ ಅಲ್ಲ ಅಂದ್ರ?"

ಪುಷ್ಪಾವತಿ ಹರವಿದ ಶೇಂಗಾ ದಾಟಿ ಹತ್ತಿರ ಬಂದಳು. "ಅರಿವಿ ಅದ್ದಬ್ಯಾಡ್ರಿ. ಹೊಗಿ ಕಂಡ್ರ ಕಿತ್ತು ಒಗದು ಬಾಗಲಕ್ಕ ನಡೀರಿ. ಇಷ್ಟು ನೆನಪಿಡ್ರಿ," ಎಂದಳು. ಕರೆವ್ವ ಆಗಲಿ ಎಂದಳು, ಚಹಾ ಮಾಡಿಕೊಟ್ಟಳು. ಅವಳ ದನಿಯಲ್ಲಿ ನಂಬಿಕೆ ಕಡಿಮೆಯಾದದ್ದು ಪುಷ್ಪಾವತಿಗೆ ತಿಳಿಯಿತು.

ಮಾರ್ಚಿನ ಒಂದು ಮಧ್ಯಾಹ್ನ ಬಿಸ್ಮಿಲ್ಲಾಬಿಯ ಫೋನು ಬಂತು. "ಅಕ್ಕಾರ, ನಮ್ಮ ಗೋದಾಮಿಗೆ ಬೆಂಕಿ ಬಿದ್ದೈತ್ರಿ," ಎಂದಳು, ಕೆಮ್ಮಿದಳು, ಫೋನು ಕಟ್ಟಾಯಿತು. ಪುಷ್ಪಾವತಿ ಮತ್ತೆ ಮಾಡಿದರೆ ಯಾರೂ ಎತ್ತಲಿಲ್ಲ. ಬ್ಯಾಡಗಿಯ ಬಸ್ಸಿನಲ್ಲಿ ಸೀಟುಗಳಿದ್ದವು. ಅವಳು ಬಾಗಿಲ ಬಳಿಯ ಕಂಬ ಹಿಡಿದು ಕೊನೆಯವರೆಗೂ ನಿಂತಿದ್ದಳು. ಕಂಡಕ್ಟರ್ ಗದರಿದರೂ ಕದಲಲಿಲ್ಲ.

ಬೀದಿಯ ತಿರುವಿನಲ್ಲೇ ಘಾಟು ಮುಖಕ್ಕೆ ಬಡಿಯಿತು. ಅಂಗಡಿಗಳವರು ಶಟರ್ ಎಳೆದುಕೊಂಡಿದ್ದರು. ಅಗ್ನಿಶಾಮಕದವರು ನೀರು ಬಿಡುತ್ತಿದ್ದರು. ಹೆಂಗಸರು ಗಾಳಿ ಬೀಸಿಬರುವ ಮಗ್ಗುಲಿಗೆ, ಕಾಂಪೌಂಡಿನ ಆಚೆ ಸಾಲಾಗಿ ಕೂತಿದ್ದರು. ಪುಷ್ಪಾವತಿ ಒಂದೊಂದೇ ಮುಖ ನೋಡುತ್ತಾ ನಡೆದಳು. ಎಲ್ಲರೂ ಇದ್ದರು. ಒಬ್ಬಳನ್ನು ಮಾತ್ರ ಆಸ್ಪತ್ರೆಗೆ ಒಯ್ದಿದ್ದರು. ಅವಳು ಅರಿವೆ ಅದ್ದಿ ಕಟ್ಟಿಕೊಂಡು ರಾಶಿಗಳ ನಡುವೆ ದಾರಿ ತಪ್ಪಿದ್ದಳು, ಹಮಾಲರು ಎಳೆದು ತಂದಿದ್ದರು. ಉಸಿರಾಟ ಸರಿಯಾಗಿದೆ, ಕಣ್ಣಿನ ವಿಷಯ ವಾರ ಬಿಟ್ಟು ಹೇಳುತ್ತೇವೆ ಎಂದು ಡಾಕ್ಟರು ಅಂದಿದ್ದರಂತೆ. ಅರಿವೆ ಅದ್ದಬೇಡವೆಂದು ಆಕೆಗೆ ಪುಷ್ಪಾವತಿ ಎರಡು ಸಲ ಹೇಳಿದ್ದಳು.

ಸಾಲಿನ ಕೊನೆಗೆ ಕರೆವ್ವ ಕೆನ್ನೆ ಹಿಡಿದು ಕೂತಿದ್ದಳು.

"ಏನಾತ್ರಿ ಮುಖಕ್ಕ?"

"ಈಕಿ ಹೊಡದ್ಲು," ಎಂದು ಬಿಸ್ಮಿಲ್ಲಾಬಿಯ ಕಡೆ ಗದ್ದ ತೋರಿಸಿದಳು.

"ಹೊಡೀದ ಮತ್ತೇನ ಮಾಡ್ಲಿ," ಎಂದಳು ಬಿಸ್ಮಿಲ್ಲಾಬಿ. "ಬಕೀಟಿನ್ಯಾಗ ಅರಿವಿ ಅದ್ದಾಕ ಹತ್ತಿದ್ಲು. ಬಾಯಿಲೆ ಹೇಳಿದ್ರ ಕೇಳಲಿಲ್ಲ. ಒಂದು ಕೊಟ್ಟು ಎಳಕೊಂಡು ಬಂದೆ."

ಪುಷ್ಪಾವತಿ ಕರೆವ್ವನ ಎದುರು ಕೂತಳು. "ನಾ ನಿಮ್ಮ ಊರಿಗೆ ಬಂದು ಹೇಳಿದ್ದೆ. ಮರತ್ರೇನು?"

"ಮರತಿದ್ದಿಲ್ಲ," ಎಂದಳು ಕರೆವ್ವ. ಕಣ್ಣಿನಿಂದ ನೀರು ಸುರಿಯುತ್ತಲೇ ಇತ್ತು. "ಅದ್ದಬಾರ್ದು ಅಂತ ಅನಕೋತನ ಅದ್ದಾಕ ಹತ್ತಿದ್ದೆ. ಕೈ ತಾನ ಹೋತ್ರಿ. ಹೋದ ವರ್ಷ ಬೆವರು ಬರೂಮಟ ಮಾಡಿಸಿದ್ರಲ್ಲಾ. ಈ ವರ್ಷ ಬರೇ ಹೇಳಿ ಹೋದ್ರಿ."

ಅವಳು ದೂರಿದ್ದಲ್ಲ, ನಡೆದದ್ದನ್ನು ಹೇಳಿದಳು. ಎರಡು ತಿಂಗಳ ಬಸ್ಸಿನ ಓಡಾಟ ಎಷ್ಟು ಉಪಯೋಗಕ್ಕೆ ಬಂತೆಂಬುದು ಪುಷ್ಪಾವತಿಗೆ ಅಲ್ಲೇ ಗೊತ್ತಾಯಿತು.

ಮರುದಿನ ಬೆಳಿಗ್ಗೆ ಆ ತಂಡವನ್ನು ಬೇರೊಂದು ಗೋದಾಮಿಗೆ ಕೆಲಸಕ್ಕೆ ಕರೆದಿದ್ದರು. ಅದರ ಮಾಲೀಕನ ಒಪ್ಪಿಗೆ ಕೇಳುವ ಗೋಜಿಗೆ ಪುಷ್ಪಾವತಿ ಹೋಗಲಿಲ್ಲ. ಹಿಂದಿನ ದಿನದ ಹೊಗೆ ಇನ್ನೂ ಗಂಟಲಲ್ಲಿದ್ದುದರಿಂದ ಅವನೂ ತಡೆಯಲಿಲ್ಲ. ಹಾವೇರಿಯಿಂದ ಯಾರೂ ಬರಲಿಲ್ಲ. ಮುಂದಿನ ಶಿಬಿರಕ್ಕೆ ಬೇರೆಯವರನ್ನು ಗೊತ್ತುಮಾಡಿದ್ದೇವೆಂದು ವೀರೇಂದ್ರ ಫೋನಿನಲ್ಲಿ ತಿಳಿಸಿಯಾಗಿತ್ತು. ಅವಳು ಹೆಂಗಸರನ್ನು ರಾಶಿಗಳ ಮುಂದೆ ಕೂರಿಸಿ, ಮುಖಕ್ಕೆ ಅರಿವೆ ಕಟ್ಟಿಸಿ, ಪಕ್ಕಕ್ಕೆ ನೀರು ತುಂಬಿದ ಬಕೆಟ್ಟು ಇಡಿಸಿ ಸೀಟಿ ಊದಿದಳು.

ಮೊದಲ ಸಲ ಅರ್ಧಕ್ಕರ್ಧ ಕೈಗಳು ಬಕೆಟ್ಟಿನ ಕಡೆಗೇ ಹೋದವು.

"ಹೊಳ್ಳಿ ಬರ್ರಿ. ಕುಂದ್ರಿ. ಮತ್ತೊಮ್ಮೆ."

"ಎಷ್ಟು ಸಲ ಅಕ್ಕಾರ? ನಿನ್ನೆ ಬೆಂಕ್ಯಾಗಿಂದ ಬಂದೇವಿ ನಾವು," ಎಂದಳು ಒಬ್ಬಳು.

"ಕೈ ಮರೆಯೂಮಟ."

ಬಿಸ್ಮಿಲ್ಲಾಬಿ ಗೊಣಗುತ್ತಾ ಕೂತಳು. ಕರೆವ್ವ ಬಾತ ಕಣ್ಣನ್ನು ಅರೆತೆರೆದು, ಬಲಗೈಯನ್ನು ಎಡಗೈಯಿಂದ ಒತ್ತಿ ಹಿಡಿದುಕೊಂಡು ಸೀಟಿಗೆ ಕಾದಳು.