ಬಿಸಿಲಿಗೆ ಹರವಿದ ದಡಿಗಳು

ಹೋದ ತಿಂಗಳು ಮುಂಡರಗಿಯ ಬಟ್ಟೆ ಅಂಗಡಿಯಲ್ಲಿ ಹೊಸ ಸೀರೆಯೊಂದರ ಮಡಿಕೆ ಬಿಚ್ಚಿದಾಗ ಗಂಜಿಯ ವಾಸನೆ ಬಂತು. ತುಸು ಹುಳಿಯಾದ, ಹಸಿ ನೂಲಿನ ವಾಸನೆ. ಬೆಟಗೇರಿಯಲ್ಲಿ ನಮ್ಮ ಪಕ್ಕದ ಮನೆಯಿಂದ ಬರುತ್ತಿದ್ದುದೂ ಇದೇ. ಆ ಮನೆಯ ಕಾಕು ನೆನಪಾದಳು...

ಕಾಕು ಕೈಮಗ್ಗದ ಸೀರೆ ನೇಯುತ್ತಿದ್ದಳು. ಗಂಡ ತೀರಿಕೊಂಡ ಮೇಲೂ ಮಗ್ಗ ನಿಲ್ಲಿಸಿರಲಿಲ್ಲ. ಅದೇ ಮನೆಯ ಇನ್ನೊಂದು ಕೋಣೆಯಲ್ಲಿ ಮೈದುನನ ಮಗ್ಗ. ಅವರ ಮನೆತನದ ದಡಿಗಳು, ಅಂದರೆ ಸೀರೆಯ ಅಂಚುಗಳು, ಸುತ್ತಲಿನ ಊರುಗಳಲ್ಲಿ ಹೆಸರಾಗಿದ್ದವು. ಮಾವನ ಕಾಲದಿಂದಲೂ ಪ್ರತಿ ದಡಿಯದೊಂದು ತುಂಡು ಕತ್ತರಿಸಿ ಟ್ರಂಕಿನಲ್ಲಿ ಇಡುತ್ತಿದ್ದರು. ಹೊರಗಿನವರಿಗೆ ತೋರಿಸುವ ರೂಢಿ ಇರಲಿಲ್ಲ.

ಒಂದು ಮಳೆಗಾಲ ಕಳೆದು ಟ್ರಂಕು ತೆಗೆದರೆ ಕೆಳಗಿನ ತುಂಡುಗಳನ್ನು ಹುಳ ತಿಂದಿದ್ದವು. ಕೈಗೆತ್ತಿಕೊಂಡರೆ ಪುಡಿಯಾಗುತ್ತಿದ್ದವು. ಕಾಕು ಅಳಲಿಲ್ಲ. ಉಳಿದದ್ದನ್ನು ಅಂಗಳದ ಹಗ್ಗದ ಹೊರಸಿನ ಮೇಲೆ ಬಿಸಿಲಿಗೆ ಹರವಿ, ಫೋಟೊ ತೆಗೆಯಲು ನನ್ನನ್ನು ಕರೆದಳು. ಫೋನು ಕೆಟ್ಟರೆ ಫೋಟೊಗಳೂ ಹೋಗುತ್ತವೆ, ಕ್ಲೌಡಿಗೆ ಹಾಕಿಟ್ಟರೆ ಉಳಿಯುತ್ತವೆ ಎಂದೆ. ಅದು ಎಲ್ಲಿರುತ್ತದೆ ಎಂದು ಕೇಳಿದಳು. ದೂರದ ಯಾವುದೋ ಊರಿನ ಯಂತ್ರಗಳಲ್ಲಿ ಎಂದೆ. ಅಲ್ಲಿ ಹುಳ ಇಲ್ಲವೇನು ಎಂದಳು.

ನಾವಷ್ಟೇ ನೋಡುವ ಹಾಗೆ ಇಡಬಹುದು, ಎಲ್ಲರೂ ನೋಡುವ ಹಾಗೂ ಇಡಬಹುದು ಎಂದು ತಿಳಿಸಿದೆ. ಎಲ್ಲರಿಗೂ ಇರಲಿ ಎಂದಳು. ಮಗ್ಗ ಬಿಟ್ಟು ಬಾಗಿಲಿಗೆ ಬಂದಿದ್ದ ಮೈದುನ ಅತ್ತಿಗೆಯ ಮಾತು ಕೇಳಿಸಿಕೊಂಡ.

“ವೈನಿ, ಪವರ್‌ಲೂಮಿನವರು ನಾಳಿಗೇ ಕದೀತಾರ. ಆಮ್ಯಾಲೆ ನಮಗ ಉಳಿಯೂದರ ಏನು?”

“ಹುಳಾ ತಿನ್ನೂದಕ್ಕಿಂತ ಕಳ್ಳರು ಒಯ್ಯೂದು ಪಾಡು,” ಎಂದಳು ಕಾಕು.

ಸಿಗ್ನಲ್ ಹೋಗಿ ಬಂದು ಮಾಡುತ್ತಿತ್ತು. ಎಲ್ಲ ಫೋಟೊಗಳು ಅಪ್‌ಲೋಡ್ ಆಗುವತನಕ ಕಾಕು ಪಕ್ಕದಲ್ಲೇ ಕುಳಿತಿದ್ದಳು. ಅವಳ ಮಾತಿನಂತೆ ಲಿಂಕನ್ನು ನೇಕಾರರ ವಾಟ್ಸಾಪ್ ಗುಂಪಿಗೆ ಕಳಿಸಿದೆ. ಅಲ್ಲಿಂದ ಎಲ್ಲೆಲ್ಲಿಗೆ ಹೋಯಿತೋ... ಆ ವಾರವೇ ಮೈದುನ ತನ್ನ ಮಗ್ಗ ಬಿಚ್ಚಿಕೊಂಡು ಬೇರೆ ಮನೆ ಮಾಡಿದ. ಹಬ್ಬಕ್ಕೂ ಬರಲಿಲ್ಲ. ಗೋಡೆಯಾಚೆಯಿಂದ ನಮಗೂ ಈಗ ಒಂದೇ ಮಗ್ಗದ ಸದ್ದು ಕೇಳುತ್ತಿತ್ತು.

ಮುಂದೆ ಒಮ್ಮೆ ಲಕ್ಷ್ಮೇಶ್ವರಕ್ಕೆ ಮದುವೆಗೆಂದು ಕಾಕು, ನಾನು ಬಸ್ಸಿನಲ್ಲಿ ಹೊರಟಿದ್ದೆವು. ಮುಂದಿನ ಸೀಟಿನ ಹೆಂಗಸು ಉಟ್ಟಿದ್ದ ಪವರ್‌ಲೂಮ್ ಸೀರೆಗೆ ಕಾಕುವಿನ ಮಾವ ಹುಟ್ಟಿಸಿದ ದಡಿ ಇತ್ತು. ಕಾಕು ಬಗ್ಗಿ ಅದರ ಸೆರಗನ್ನು ಬೆರಳಲ್ಲಿ ಹಿಡಿದು ನೋಡಿದಳು. ಹೆಂಗಸು ತಿರುಗಿದಾಗ, ದಡಿ ಚೆನ್ನಾಗಿದೆ ಎಂದಷ್ಟೇ ಹೇಳಿ ಕೈಬಿಟ್ಟಳು. ಊರು ಬರುವತನಕ ಆ ದಡಿಯನ್ನೇ ನೋಡುತ್ತಿದ್ದಳು. ಮೈದುನ ಅಂದದ್ದೇ ಆಯಿತಲ್ಲ ಎಂದು ಕೊರಗುತ್ತಿರಬೇಕು ಅಂದುಕೊಂಡೆ. ಇಳಿಯುವಾಗ ಹೇಳಿದಳು:

“ಬಣ್ಣ ತಪ್ಪ್ಯಾರ. ನಡುವಿನ ಎಳಿ ಕೆಂಪು ಇರಬೇಕಿತ್ತು. ಫೋಟೊದಾಗ ಗೊತ್ತಾಗಿಲ್ಲ ಅವರಿಗೆ.”

ಮರುದಿನ ಪ್ರತಿ ಫೋಟೊದ ಕೆಳಗೂ ನನ್ನಿಂದ ಎಳೆಗಳ ಬಣ್ಣ ಬರೆಸಿದಳು. ಕದಿಯುವವರು ಸರಿಯಾಗಿ ಕದಿಯಲಿ ಎಂದು ನಕ್ಕಳು. ನಗುವಾಗ ನನ್ನ ಕಡೆ ನೋಡುತ್ತಿರಲಿಲ್ಲ...

ಕಾಕು ಹೋಗಿ ಕೆಲವು ವರ್ಷಗಳಾದವು. ಮೈದುನ ಮಣ್ಣಿಗೆ ಬಂದಿದ್ದ, ಮನೆಯೊಳಗೆ ಕಾಲಿಡಲಿಲ್ಲ. ಟ್ರಂಕಿನಲ್ಲಿ ಉಳಿದಿದ್ದ ತುಂಡುಗಳೂ ಆಮೇಲೆ ಹುಳದ ಪಾಲಾದವು.

ಮೊನ್ನೆ ಅವನು ನಮ್ಮ ಮನೆಗೆ ಬಂದ. ಸೊಸೆಗೆಂದು ಹಳೆಯ ದಡಿಯ ಸೀರೆ ನೇಯಬೇಕಿತ್ತಂತೆ. ಫೋನಿನಲ್ಲಿ ಫೋಟೊಗಳನ್ನು ತೆರೆದು ಕೊಟ್ಟೆ. ಬೇಕಾದದ್ದು ಸಿಕ್ಕ ಮೇಲೂ ಸರಿಸುತ್ತಲೇ ಇದ್ದ. ಒಂದರಲ್ಲಿ, ಗಾಳಿಗೆ ಹಾರದಂತೆ ಬಟ್ಟೆಯ ಮೂಲೆಯನ್ನು ಒತ್ತಿ ಹಿಡಿದ ಕಾಕುವಿನ ಬೆರಳುಗಳಿದ್ದವು. ಅಲ್ಲಿಗೆ ನಿಲ್ಲಿಸಿದ.

“ವೈನಿ ದನಿ ಇಲ್ಲೇನು ಇದರಾಗ?”

ಇಲ್ಲ, ಬರೀ ಫೋಟೊ ಎಂದೆ. ಅವನು ಫೋನನ್ನು ನನ್ನ ಕೈಗಿತ್ತು ಎದ್ದು ಹೋದ.