ಕೆಲಸವಿಲ್ಲದ ನಡಿಗೆ

ಬೆಳಿಗ್ಗೆ ಏಳೂವರೆಗೆ ಬಾಗಿ ಯಡ್ತರೆಯ ತನ್ನ ಮನೆ ಜಗಲಿಯಲ್ಲಿ ಕುಳಿತು ಎಡಗೈಗೆ ಎಲಾಸ್ಟಿಕ್ಕಿನ ಬಿಗಿ ತೋಳುಚೀಲ ಏರಿಸುತ್ತಿದ್ದಾಗ ನಿಶ್ಮಿತಾ ಪುಸ್ತಕ ತಂದಳು. ಸ್ತನ ಕ್ಯಾನ್ಸರಿನ ಆಪರೇಷನ್ ಆಗಿ ನಾಲ್ಕು ವರ್ಷ ಕಳೆದರೂ ಆ ಕೈ ಬಾತುಕೊಳ್ಳುವುದು ನಿಂತಿಲ್ಲ. ಕ್ಯಾನ್ಸರಿನಿಂದ ಪಾರಾದವರಿಗಾಗಿ ಊರಿಗೆ ಒಗ್ಗುವ ಆಹಾರ, ವ್ಯಾಯಾಮದ ಕಾರ್ಯಕ್ರಮ ರೂಪಿಸುವ ಸಂಸ್ಥೆಯೊಂದರಲ್ಲಿ ನಿಶ್ಮಿತಾಗೆ ಕೆಲಸ. ಕಾಯಿಲೆ ಕಂಡವರನ್ನೇ ಕೇಳಿ ಮಾಡುತ್ತೇವೆ ಎಂದು ಸಂಸ್ಥೆಯವರು ಬಾಗಿಯನ್ನು ಆರು ಸಲ ಕುಂದಾಪುರದ ಸಭೆಗೆ ಕರೆಸಿಕೊಂಡಿದ್ದರು. ಆ ಕಾರ್ಯಕ್ರಮದ ಪುಸ್ತಕವೇ ಇದು.

ಬಾಗಿ ಕನ್ನಡಕ ಹಾಕಿಕೊಂಡು ವ್ಯಾಯಾಮದ ಪುಟ ತೆರೆದಳು. ‘ದಿನಕ್ಕೆ ಮೂವತ್ತು ನಿಮಿಷ ಬಿರುಸಾಗಿ ನಡೆಯಿರಿ.’ ಪಕ್ಕದ ಚಿತ್ರದಲ್ಲಿ ಪಾರ್ಕು, ಬೂಟು ಹಾಕಿದ ಹೆಂಗಸು.

“ನಾನ್ ಹೇಳಿದ್ದ್ ಎಲ್ಲಿತ್ತ್ ಹೆಣ್ಣೆ?”

ಅವಳು ಹೇಳಿದ್ದು ದೊಡ್ಡ ಮಾತೇನಲ್ಲ. ಇಪ್ಪತ್ತೆರಡು ವರ್ಷ ಮೀನಿನ ಬುಟ್ಟಿ ಹೊತ್ತು ಮನೆಮನೆ ತಿರುಗಿದವಳಿಗೆ ನಡೆಯುವುದನ್ನು ಯಾರೂ ಕಲಿಸಬೇಕಿಲ್ಲ. ಆಗೆಲ್ಲ ದಾರಿಯಲ್ಲಿ ಸಿಕ್ಕವರು ಕೇಳುತ್ತಿದ್ದುದು “ಎಂತ ಮೀನ್?” ಎಂದು ಮಾತ್ರ. ಭಾರ ಹೊರಬೇಡ ಎಂದು ಡಾಕ್ಟರು ಹೇಳಿದ ಮೇಲೆ ಬರಿಗೈಯಲ್ಲಿ ಹೊರಟರೆ ಪ್ರತಿ ಅಂಗಳದಿಂದಲೂ ಒಂದೇ ಕೂಗು: “ಹ್ವಾಯ್, ಎಲ್ಲಿಗ್ ಹೊರಟದ್?” ಇಲ್ಲಿ ಆ ಪ್ರಶ್ನೆಗೆ ಒಂದು ಊರನ್ನೋ ಕೆಲಸವನ್ನೋ ಹೇಳಬೇಕು. ಮೊದಲ ದಿನ ಅವಳು “ಸುಮ್ನೆ” ಎಂದಳು. ಮರುದಿನದ ಹೊತ್ತಿಗೆ, ಬಾಗಿಯ ರೋಗ ತಲೆಗೇರಿದೆ ಎಂಬ ಸುದ್ದಿ ನಾದಿನಿ ಸರೋಜಳ ಮನೆ ಮುಟ್ಟಿತ್ತು. ಮೂರನೆಯ ದಿನ ಬಾಗಿ ಹೊರಡಲೇ ಇಲ್ಲ.

ಹಾಗಾಗಿ ಸಭೆಯಲ್ಲಿ ಹೇಳಿದ್ದಳು: ನಡಿಗೆಗೆ ಒಂದು ಕೆಲಸ ಕೊಡಿ. ನಾಲ್ಕು ಜನ ಸೇರಿ ಹಾಲಿನ ಡೈರಿಗೆ ಹೋಗಿ ಬರಲಿ, ಕೈಯಲ್ಲೊಂದು ಹಗುರವಾದ ಕ್ಯಾನು ಇರಲಿ, ಯಾರೂ ಏನೂ ಕೇಳುವುದಿಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದ್ದರು.

“ಬರ್ದಿದ್ದೆ ಅಕ್ಕ. ಮೇಲಿನವ್ರ್ ತೆಗ್ದ್ರ್. ಎಲ್ಲಾ ಬದಿಗೂ ಡೈರಿ ಇಲ್ಲೆ ಅಂದ್ರ್.”

“ಪಾರ್ಕ್ ಎಲ್ಲಾ ಬದಿಗೂ ಇತ್ತಾ?”

ಬಾಗಿ ಕೊನೆಯ ಪುಟ ತಿರುವಿದಳು. ಸಲಹೆ ಕೊಟ್ಟವರ ಪಟ್ಟಿಯಲ್ಲಿ ಅವಳದು ಎರಡನೆಯ ಹೆಸರು.

“ನನ್ನ್ ಹೆಸ್ರ್ ತೆಗಿ.”

“ಎರಡ್ ಸಾವ್ರ ಅಚ್ಚಾಯ್ತ್ ಅಕ್ಕ.”

“ಹಾಂಗಾರೆ ನನ್ನ್ ಆರ್ ಸಲ ಕರದ್ದ್ ಎಂತಕ್ಕೆ? ಚಾ ಕುಡೂಕಾ?”

“ಗುರುವಾರದ ತರಗತಿಯಲ್ಲ್ ಈ ನಡಿಗೆ ಪುಟ ನೀವೇ ಓದ್ಕ್ ಅಂದ್ ಮಾಡಿರ್ ಅಕ್ಕ. ನಿಮ್ ಬಾಯಲ್ಲ್ ಬಂದ್ರೆ ಜನ ನಂಬ್ತ್ರ್.”

“ಅದ್ಕೇ ಓದೂದಿಲ್ಲೆ,” ಎಂದು ಬಾಗಿ ಪುಸ್ತಕವನ್ನು ಅವಳ ಕೈಗೆ ವಾಪಸು ಕೊಟ್ಟಳು.

ಗುರುವಾರ ಬಸ್ರೂರಿನಲ್ಲಿ ಮೊದಲ ತರಗತಿ. ಹದಿನಾಲ್ಕು ಹೆಂಗಸರು ಹೆಸರು ಕೊಟ್ಟಿದ್ದಾರೆ. ಆ ಪುಟವನ್ನು ನಿಶ್ಮಿತಾ ಓದುತ್ತಾಳೆ.